ಮೈಸೂರಿನಲ್ಲಿ ಸೈಟ್ ಕೊಳ್ಳಲು ನಂಬಿಕಸ್ಥ ಏಜೆಂಟರನ್ನು ಹುಡುಕುವುದು ಹೇಗೆ?

ಮಂಡ್ಯದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಯಜಮಾನರೂ ಮಂಡ್ಯದಲ್ಲಿ ಶಾಲಾ ಶಿಕ್ಷಕರು. ಮಗಳು ಕಾಲೇಜು ಸೇರುವಷ್ಟರಲ್ಲಿ ಮೈಸೂರಿನಲ್ಲಿ ಒಂದು 30×40 ಸೈಟ್ ಮಾಡಿಕೊಳ್ಳಬೇಕೆಂದು ಹೊರಟಿದ್ದೇವೆ. ಬೋಗಾದಿ, ದಟ್ಟಗಳ್ಳಿ, ಶ್ರೀರಾಂಪುರದ ಸುತ್ತ ನೋಡುತ್ತಿದ್ದೇವೆ. ಬ್ಯಾಂಕ್ ಸಾಲವಿಲ್ಲದೆ ಆಗುವುದಿಲ್ಲ.

ಸೈಟುಗಳೇನೋ ಬೇಕಾದಷ್ಟಿವೆ, ಯಾರ ಮಾತು ನಂಬುವುದು ಎಂಬುದೇ ತಿಳಿಯುತ್ತಿಲ್ಲ. ಒಬ್ಬ ಏಜೆಂಟರಿಗೆ ಮುಖ್ಯರಸ್ತೆಯಲ್ಲಿ ದೊಡ್ಡ ಕಚೇರಿ ಇದೆ. ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದರು, ಬಹಳ ಮರ್ಯಾದೆಯಿಂದ ಮಾತನಾಡಿದರು. ಕಾಗದಪತ್ರಗಳ ಜೆರಾಕ್ಸ್ ಕೇಳಿದಾಗ ಮಾತ್ರ, ‘ಮೊದಲು 50 ಸಾವಿರ ಟೋಕನ್ ಕೊಡಿ ಮೇಡಂ, ಬೆಂಗಳೂರಿನ ಪಾರ್ಟಿ ಇವತ್ತೇ ಮುಗಿಸಲು ಕಾಯುತ್ತಿದೆ’ ಎಂದರು. ಇನ್ನೊಬ್ಬರು ವಯಸ್ಸಾದವರು. ಕಚೇರಿ ಇಲ್ಲ, ಬೋಗಾದಿ ಕಡೆ ಒಂದು ಟೀ ಅಂಗಡಿಯಲ್ಲಿ ಸಿಗುತ್ತಾರೆ. ಕೇಳಿದ ತಕ್ಷಣ ಕಾಗದ ಕೊಟ್ಟರು. ಆದರೆ ಕಮಿಷನ್ ಎಷ್ಟೆಂದು ಬರೆದುಕೊಡಲು ಒಪ್ಪುತ್ತಿಲ್ಲ, ‘ಬಾಯಿಮಾತೇ ಸಾಕಮ್ಮ’ ಎನ್ನುತ್ತಾರೆ. ಮತ್ತೊಬ್ಬರ ಕಾರ್ಡಿನ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆ ಇದೆ, ಆದರೆ ಯಾವ ಕಡೆ ಕೇಳಿದರೂ ಕೊನೆಗೆ ಒಂದೇ ಬಡಾವಣೆಗೆ ತಂದು ನಿಲ್ಲಿಸುತ್ತಾರೆ.

ಏಜೆಂಟರನ್ನು ಆರಿಸುವಾಗ ನೀವೆಲ್ಲ ಏನು ನೋಡುತ್ತೀರಿ? ಎರಡು ಪರ್ಸೆಂಟ್ ಕೊಡುವುದು ನ್ಯಾಯವೇ? ತಿಳಿದವರು ದಯವಿಟ್ಟು ಹೇಳಿ.

ಕುಕ್ಕರಹಳ್ಳಿ ವಾಯುವಿಹಾರಿ

ಕಾಗದ ತೋರಿಸುವ ಮೊದಲು ಹಣ ಕೇಳಿದವರ ಕಡೆ ಮತ್ತೆ ತಿರುಗಿ ನೋಡಬೇಡಿ. ಇದರಲ್ಲಿ ಯೋಚಿಸುವುದೇನೂ ಇಲ್ಲ.

ದಟ್ಟಗಳ್ಳಿ ನಿವಾಸಿ

ಮೇಡಂ, ಏಜೆಂಟರೇ ಬೇಡ. ಭಾನುವಾರ ಬೆಳಿಗ್ಗೆ ನಿಮಗೆ ಬೇಕಾದ ಬಡಾವಣೆಯಲ್ಲಿ ನಡೆದು ಹೋಗಿ. ಖಾಲಿ ಸೈಟುಗಳಲ್ಲಿ ‘ಮಾರಾಟಕ್ಕಿದೆ’ ಎಂಬ ಫಲಕ, ಅದರ ಕೆಳಗೆ ಫೋನ್ ನಂಬರ್ ಇರುತ್ತದೆ. ಪಕ್ಕದ ಮನೆಯವರನ್ನು ಕೇಳಿದರೆ ಮಾಲೀಕರು ಯಾರು, ಎಲ್ಲಿದ್ದಾರೆ, ಅಣ್ಣತಮ್ಮಂದಿರ ಜಗಳ ಇದೆಯೇ ಎಂಬುದೆಲ್ಲ ತಿಳಿಯುತ್ತದೆ. ನಾನು ಕೊಂಡಿದ್ದು ಹೀಗೆಯೇ. 40 ಲಕ್ಷದ ಸೈಟಿಗೆ ಎರಡು ಪರ್ಸೆಂಟ್ ಎಂದರೆ 80 ಸಾವಿರ. ಒಂದು ಗೇಟಿನ ಮುಂದೆ ನಿಲ್ಲಿಸಿ ‘ಇದೇ ಸೈಟು’ ಎಂದು ಹೇಳಿದ್ದಕ್ಕೆ ಅಷ್ಟು ದುಡ್ಡೇ?

ವಿಜಯನಗರದ ಏಜೆಂಟ್

ನಾನೂ ಇದೇ ಕಸುಬಿನವನು, ಆದ್ದರಿಂದ ಉತ್ತರ ಕೊಡಲೇಬೇಕು. ದಟ್ಟಗಳ್ಳಿ ಸರ್, ಆ ಫಲಕದ ಮೇಲಿನ ನಂಬರುಗಳಲ್ಲಿ ಹೆಚ್ಚಿನವು ನಮ್ಮಂಥವರವೇ. ಮಾಲೀಕರು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಒಂದೇ ಸೈಟನ್ನು ನಾಲ್ಕೈದು ಜನರಿಗೆ ಹೇಳಿರುತ್ತಾರೆ, ಆ ನಾಲ್ವರು ಇನ್ನೂ ಹತ್ತು ಜನರಿಗೆ ಹೇಳಿರುತ್ತಾರೆ. 80 ಸಾವಿರ ಒಬ್ಬನ ಜೇಬಿಗೆ ಹೋಗುವುದು ಅಪರೂಪ, ಸರಪಳಿಯಲ್ಲಿ ಇದ್ದವರೆಲ್ಲ ಹಂಚಿಕೊಳ್ಳುತ್ತಾರೆ.

ಶಿಕ್ಷಕಿ ಮೇಡಂ, ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ಈ ಸೈಟ್ ನಿಮಗೆ ನೇರವಾಗಿ ಮಾಲೀಕರಿಂದ ಬಂದಿದೆಯೇ, ಇನ್ನೊಬ್ಬ ಏಜೆಂಟರ ಮೂಲಕವೇ?’ ನೇರವಾಗಿ ಬಂದಿದ್ದರೆ ಮಾಲೀಕರ ಜೊತೆ ನಿಮ್ಮ ಎದುರಿಗೇ ಫೋನಿನಲ್ಲಿ ಮಾತನಾಡಿಸುತ್ತಾರೆ. ‘ಆಮೇಲೆ, ಆಮೇಲೆ’ ಎನ್ನುವವರಿಗೆ ಮಾಲೀಕರ ಪರಿಚಯವೇ ಇರುವುದಿಲ್ಲ. ಕಚೇರಿ ದೊಡ್ಡದೋ ಚಿಕ್ಕದೋ ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ಬಾಡಿಗೆ ಕಟ್ಟಿದರೆ ಯಾರಿಗೂ ಕಚೇರಿ ಸಿಗುತ್ತದೆ.

ದಟ್ಟಗಳ್ಳಿ ನಿವಾಸಿ

ಹಂಚಿಕೊಳ್ಳುವವರು ಹೆಚ್ಚಿದ್ದಾರೆ ಎಂಬುದು ನಿಮ್ಮ ಕಷ್ಟ, ಕೊಳ್ಳುವವರದಲ್ಲ. ಮಾಲೀಕರಿಂದಲೂ ಎರಡು ಪರ್ಸೆಂಟ್ ತೆಗೆದುಕೊಳ್ಳುತ್ತೀರಲ್ಲ, ಅದನ್ನು ಯಾಕೆ ಹೇಳಲಿಲ್ಲ? ಗಂಡಿನ ಕಡೆ, ಹೆಣ್ಣಿನ ಕಡೆ ಎರಡೂ ಕಡೆ ಹಣ ಪಡೆಯುವ ಮದುವೆ ದಲ್ಲಾಳಿ ಯಾರ ಗುಟ್ಟನ್ನು ಯಾರಿಗೆ ಹೇಳುತ್ತಾನೆ? ಬೆಲೆ ಇಳಿಸಿದರೆ ನಿಮ್ಮ ಕಮಿಷನ್ ಇಳಿಯುತ್ತದೆ. ಹಾಗಿರುವಾಗ ನನ್ನ ಪರವಾಗಿ ನೀವು ಚೌಕಾಸಿ ಮಾಡುತ್ತೀರೆಂದು ನಾನು ಯಾಕೆ ನಂಬಬೇಕು?

ಪತ್ರ ಬರಹಗಾರ

ಉಪನೋಂದಣಿ ಕಚೇರಿಯ ಎದುರು ಕುಳಿತು ಕ್ರಯಪತ್ರ ಬರೆಯುವುದು ನನ್ನ ಜೀವನೋಪಾಯ. ಏಜೆಂಟರ ಗುಣ ನನಗೆ ಅವರ ಮಾತಿನಿಂದ ತಿಳಿಯುವುದಿಲ್ಲ, ಅವರು ತರುವ ಫೈಲಿನಿಂದ ತಿಳಿಯುತ್ತದೆ.

ಕೆಲಸ ಬಲ್ಲವರು ಬಂದರೆ ಫೈಲಿನಲ್ಲಿ ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ಕಳಚದ ಕ್ರಯಪತ್ರಗಳು, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ (ಆನ್‌ಲೈನ್ ಖಾತಾ), ಚಾಲ್ತಿ ವರ್ಷದ ಕಂದಾಯ ರಸೀದಿ, ಬಡಾವಣೆಯ ಅನುಮೋದಿತ ನಕ್ಷೆ, ಭೂ ಪರಿವರ್ತನೆಯ ಆದೇಶ ಇಷ್ಟೂ ಇರುತ್ತವೆ. ಮಾಲೀಕರು ತೀರಿಹೋಗಿ ಮಕ್ಕಳು ಮಾರುತ್ತಿದ್ದರೆ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ. ಉಳಿದವರು ಮೊಬೈಲಿನಲ್ಲಿ ನಾಲ್ಕು ಫೋಟೊ ತೋರಿಸಿ ‘ಉಳಿದದ್ದು ನಾಳೆ ಬರುತ್ತದೆ, ನೀವು ಬರೆಯಲು ಶುರುಮಾಡಿ’ ಎನ್ನುತ್ತಾರೆ.

ಚಕ್ಕುಬಂದಿ ನೋಡುವವರು ಈಗ ಕಡಿಮೆಯಾಗುತ್ತಿದ್ದಾರೆ. ಪೂರ್ವಕ್ಕೆ ಯಾವ ನಂಬರಿನ ಸೈಟು, ಪಶ್ಚಿಮಕ್ಕೆ ಯಾವುದು, ಉತ್ತರಕ್ಕೆ ರಸ್ತೆಯೋ ದಕ್ಷಿಣಕ್ಕೆ ರಸ್ತೆಯೋ ಎಂಬುದು ಪತ್ರದಲ್ಲಿ ಇರುವ ಹಾಗೆಯೇ ಸ್ಥಳದಲ್ಲಿಯೂ ಇರಬೇಕು. ಎರಡಕ್ಕೂ ತಾಳೆ ಇಲ್ಲದ ಸೈಟನ್ನು ಕೊಂಡವರು ಕಾಂಪೌಂಡ್ ಹಾಕಲು ಹೋದ ದಿನ ಪಕ್ಕದವರು ಬಂದು ತಡೆಯುತ್ತಾರೆ. ಏಜೆಂಟರು ಪತ್ರವನ್ನು ಕೈಯಲ್ಲಿ ಹಿಡಿದು, ಟೇಪು ತಂದು, ಸೈಟಿನ ನಾಲ್ಕು ಮೂಲೆಯಲ್ಲಿ ನಿಮ್ಮನ್ನು ನಿಲ್ಲಿಸಿ ಅಳೆದು ತೋರಿಸಿದರೆ ಅವರಿಗೆ ಕೊಡುವ ಹಣ ವ್ಯರ್ಥವಲ್ಲ.

ಇನ್ನೊಂದು ಮಾತು. ಇಸಿ ತೋರಿಸಿ ‘ಎಲ್ಲ ಕ್ಲಿಯರ್’ ಎಂದರೆ ಸುಮ್ಮನಾಗಬೇಡಿ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿ ಮಾಡಿಸದ ಕರಾರು, ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತಿರುವ ಪಾಲಿನ ದಾವೆ ಅದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಮಂಡ್ಯದ ಶಿಕ್ಷಕಿ

ಪತ್ರ ಬರಹಗಾರ ಸರ್, ತುಂಬಾ ಉಪಕಾರವಾಯಿತು. ಇಸಿಯನ್ನು ನಾವೇ ತೆಗೆಸಬಹುದೇ ಅಥವಾ ಏಜೆಂಟರು ಕೊಟ್ಟದ್ದು ಸಾಕೇ?

ಪತ್ರ ಬರಹಗಾರ

ನೀವೇ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಸುಮಾರು 2004ರಿಂದ ಈಚಿನದು ಅಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಂಬಂಧಪಟ್ಟ ಉಪನೋಂದಣಿ ಕಚೇರಿಯಲ್ಲಿ ಕೇಳಬೇಕು. ಸೈಟ್ ನಂಬರಿನ ಜೊತೆಗೆ ಬಡಾವಣೆ ಆಗುವ ಮೊದಲಿನ ಸರ್ವೆ ನಂಬರಿನ ಮೇಲೂ ಒಂದು ಇಸಿ ತೆಗೆಸಿ. ಹಳೆಯ ಜಮೀನಿನ ತಕರಾರು ಅಲ್ಲಿ ಸಿಕ್ಕಿಬೀಳುತ್ತದೆ.

ಜೆಪಿ ನಗರದ ಗೃಹಿಣಿ

ರೇರಾ ಸಂಖ್ಯೆ ಇರುವವರೇ ಸುರಕ್ಷಿತ ಅಲ್ಲವೇ? ಸರ್ಕಾರವೇ ನೋಂದಣಿ ಮಾಡಿರುವಾಗ ಮತ್ತೇಕೆ ಅನುಮಾನ?

ಮೈಸೂರು ವಕೀಲೆ

ಇಲ್ಲಿ ಸ್ವಲ್ಪ ತಿದ್ದಬೇಕು. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಯೋಜನೆಯ ಸೈಟ್ ಅಥವಾ ಫ್ಲಾಟ್ ಮಾರಿಸುವ ಏಜೆಂಟರು ನೋಂದಣಿ ಮಾಡಿಸಿಕೊಂಡಿರಲೇಬೇಕು. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ 5ರವರೆಗೆ ದಂಡವಿದೆ. ನೋಂದಣಿಯಾಗದ ಯೋಜನೆಯನ್ನು ಮಾರಿಸಬಾರದು, ಸುಳ್ಳು ಭರವಸೆ ಕೊಡಬಾರದು ಎಂದು 10ನೇ ಸೆಕ್ಷನ್ ಹೇಳುತ್ತದೆ.

ಆದರೆ ಹಳೆಯ ಬಡಾವಣೆಯಲ್ಲಿ ಒಬ್ಬ ವ್ಯಕ್ತಿ ತನ್ನ ಸೈಟನ್ನು ಇನ್ನೊಬ್ಬರಿಗೆ ಮಾರುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ದಟ್ಟಗಳ್ಳಿಯ ಹಳೆಯ ಸೈಟನ್ನು ಮಾರಿಸುವವರಿಗೆ ರೇರಾ ಸಂಖ್ಯೆ ಇಲ್ಲ ಎಂಬ ಕಾರಣಕ್ಕೆ ಅವರನ್ನು ಕಳ್ಳರೆಂದು ತಿಳಿಯಬೇಡಿ. ಹಾಗೆಯೇ ಸಂಖ್ಯೆ ಇದೆ ಎಂಬ ಕಾರಣಕ್ಕೆ ಪ್ರಾಮಾಣಿಕರೆಂದೂ ತಿಳಿಯಬೇಡಿ. ಏಜೆಂಟರ ನೋಂದಣಿ ಬೇರೆ, ಬಡಾವಣೆಯ ನೋಂದಣಿ ಬೇರೆ. ಎರಡನ್ನೂ ಕರ್ನಾಟಕ ರೇರಾದ ಜಾಲತಾಣದಲ್ಲಿ ಪ್ರತ್ಯೇಕವಾಗಿ ಹುಡುಕಿ ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಹೊಸ ಬಡಾವಣೆ ಮಾಡುತ್ತಿದ್ದರೆ ನೋಂದಣಿ ಇರಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ಬಡಾವಣೆ ಮಾಡುವವರಿಗೆ ಅಧಿಕಾರವಿಲ್ಲ.

ಒಂದೇ ಬಡಾವಣೆಗೆ ತಂದು ನಿಲ್ಲಿಸುವವರು ಅಲ್ಲಿನ ಮಾರಾಟ ಪ್ರತಿನಿಧಿ ಇರಬಹುದು. ಅದು ತಪ್ಪಲ್ಲ. ನೇರವಾಗಿ ಕೇಳಿ: ‘ನಿಮಗೆ ಹಣ ಕೊಡುವವರು ಯಾರು?’ ಉತ್ತರದಲ್ಲಿ ತಡವರಿಕೆ ಇದ್ದರೆ ಅಲ್ಲಿಗೆ ಸಾಕು.

ಹೆಬ್ಬಾಳದ ತಂತ್ರಜ್ಞ

ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು! ಉಳಿಸಿಟ್ಟುಕೊಂಡೆ.

ಶ್ರೀರಂಗಪಟ್ಟಣದ ರೈತ

ಎಲ್ಲರೂ ಕೊಳ್ಳುವವರ ಕಷ್ಟ ಹೇಳುತ್ತಿದ್ದೀರಿ, ಮಾರುವವರ ಕಷ್ಟವನ್ನೂ ಕೇಳಿ. 2023ರಲ್ಲಿ ಬೆಂಗಳೂರು ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತಲ್ಲ, ಅದಕ್ಕೂ ಮೊದಲಿನಿಂದಲೇ ನಮ್ಮ ಕಡೆ ಗದ್ದೆಯ ಬದುವಿನ ಮೇಲೆಲ್ಲ ಕಾರುಗಳು. ಬಂದವರು ಎಕರೆಗೆ ಇಷ್ಟು ಎಂದು ಒಪ್ಪಿಸಿ, ಸಣ್ಣ ಮುಂಗಡ ಕೊಟ್ಟು, ದೀರ್ಘ ಅವಧಿಯ ಕರಾರು ಬರೆಸಿಕೊಳ್ಳುತ್ತಾರೆ. ಅದರಲ್ಲಿ ‘ನನಗೆ ಅಥವಾ ನಾನು ಸೂಚಿಸಿದವರಿಗೆ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನ ಬಲದಿಂದ ಗುಂಟೆ ಲೆಕ್ಕದಲ್ಲಿ ಇನ್ನೊಬ್ಬರಿಗೆ ಹೆಚ್ಚಿನ ಬೆಲೆಗೆ ತೋರಿಸುತ್ತಾರೆ. ಗಿರಾಕಿ ಸಿಕ್ಕಿದರೆ ಅವರಿಗೆ ಲಾಭ, ಸಿಗದಿದ್ದರೆ ಕರಾರಿನ ಅವಧಿ ಮುಗಿಯುವವರೆಗೆ ನಮ್ಮ ಜಮೀನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಮ್ಮ ಚಿಕ್ಕಪ್ಪನವರ ಜಮೀನು ಹೀಗೆ ಸಿಕ್ಕಿಹಾಕಿಕೊಂಡು ಮೊಮ್ಮಗಳ ಮದುವೆಯ ಹೊತ್ತಿಗೆ ಸಾಲ ಮಾಡಬೇಕಾಯಿತು.

ತಂಗಿ, ನಿಮಗೆ ಸೈಟ್ ತೋರಿಸುವವರು ನಿಜವಾಗಿ ಏಜೆಂಟರೋ ಅಥವಾ ಕರಾರು ಹಾಕಿಕೊಂಡು ತಾವೇ ಒಳಲಾಭ ನೋಡುತ್ತಿರುವವರೋ ಕೇಳಿ ತಿಳಿದುಕೊಳ್ಳಿ. ಮಾಲೀಕರಿಗೆ ಎಷ್ಟು ಹೋಗುತ್ತದೆ ಎಂಬುದು ಮುಚ್ಚಿಟ್ಟ ವ್ಯವಹಾರದಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಇಬ್ಬರಿಗೂ ನಷ್ಟ.

ಮೈಸೂರು ವಕೀಲೆ

ರೈತ ಅಣ್ಣನವರು ಹೇಳಿದ್ದು ಬಹಳ ಮುಖ್ಯ. ಏಜೆನ್ಸಿಯ ನಿಯಮಗಳು 1872ರ ಕರಾರು ಕಾಯ್ದೆಯಲ್ಲೇ ಇವೆ. ನಿಮ್ಮ ಪರವಾಗಿ ಕೆಲಸ ಮಾಡಲು ಒಪ್ಪಿದವರು ನಿಮಗೆ ತಿಳಿಸದೆ ಅದೇ ವ್ಯವಹಾರವನ್ನು ತಮ್ಮ ಸ್ವಂತಕ್ಕೆ ಮಾಡಿಕೊಂಡರೆ ಅದರಿಂದ ಬಂದ ಲಾಭವನ್ನು ನೀವು ಕೇಳಬಹುದು, 216ನೇ ಸೆಕ್ಷನ್ ಓದಿ. ಆದರೆ ಅವರು ನಿಮ್ಮ ಏಜೆಂಟರಾಗಿದ್ದರು ಎಂಬುದಕ್ಕೆ ಪುರಾವೆ ಬೇಕಲ್ಲವೇ? ಅದಕ್ಕಾಗಿಯೇ ಬರವಣಿಗೆ ಬೇಕು ಎನ್ನುವುದು. ಒಂದು ಹಾಳೆ ಸಾಕು: ಯಾರ ಪರವಾಗಿ, ಯಾವ ಸೈಟಿಗೆ, ಕಮಿಷನ್ ಎಷ್ಟು, ಯಾವಾಗ ಕೊಡಬೇಕು, ವ್ಯವಹಾರ ಮುರಿದುಬಿದ್ದರೆ ಏನು.

ಕೃಷಿ ಜಮೀನಿನ ಹಿನ್ನೆಲೆ ಇರುವ ಕಡೆ ಇನ್ನೊಂದು ಎಚ್ಚರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ‘ಹಳೆಯ ಮಾತು ಬಿಡಿ ಮೇಡಂ’ ಎನ್ನುವ ಏಜೆಂಟರಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ.

ವಿಜಯನಗರದ ಏಜೆಂಟ್

ದಟ್ಟಗಳ್ಳಿ ಸರ್ ಎತ್ತಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಹೌದು, ಎರಡೂ ಕಡೆ ತೆಗೆದುಕೊಳ್ಳುವುದು ಇಲ್ಲಿನ ರೂಢಿ. ನಾನು ಅದನ್ನು ಇಬ್ಬರಿಗೂ ಮೊದಲೇ ಹೇಳುತ್ತೇನೆ. ಬೆಲೆ ಇಳಿದರೆ ನನಗೆ ನಷ್ಟ ಎಂಬುದನ್ನು ಲೆಕ್ಕ ಹಾಕಿ ನೋಡಿ. 40 ಲಕ್ಷದ್ದನ್ನು 38ಕ್ಕೆ ಇಳಿಸಿದರೆ ನನಗೆ ಕಡಿಮೆಯಾಗುವುದು ಒಂದು ಕಡೆಯಿಂದ 4 ಸಾವಿರ. ವ್ಯವಹಾರವೇ ಮುರಿದರೆ ಎಲ್ಲವೂ ಹೋಯಿತು. ಆದ್ದರಿಂದ ನಮಗೆ ಬೇಕಿರುವುದು ಹೆಚ್ಚು ಬೆಲೆಗಿಂತ ಬೇಗ ಮುಗಿಯುವುದು. ಕೊಳ್ಳುವವರಿಗೆ ಅಪಾಯ ಇರುವುದೂ ಆ ಅವಸರದಲ್ಲೇ. ‘ಇವತ್ತೇ’ ಎಂದು ಒತ್ತಡ ಹಾಕುವವರಿಂದ ದೂರವಿರಿ ಎಂದು ಏಜೆಂಟನಾಗಿ ನಾನೇ ಹೇಳುತ್ತೇನೆ.

ಕಮಿಷನ್ ಅನ್ನು ಒಟ್ಟು ಮೊತ್ತವಾಗಿ ಮೊದಲೇ ಗೊತ್ತುಮಾಡಿಕೊಳ್ಳಿ. ನೋಂದಣಿಯ ದಿನ ಮುಕ್ಕಾಲು ಭಾಗ, ಖಾತಾ ನಿಮ್ಮ ಹೆಸರಿಗೆ ಬಂದ ಮೇಲೆ ಉಳಿದದ್ದು ಎಂದು ಬರೆಯಿರಿ. ನಾನು ಹೀಗೆ ಒಪ್ಪುತ್ತೇನೆ. ನೋಂದಣಿಯ ಮರುದಿನವೇ ಫೋನ್ ತೆಗೆಯದ ಏಜೆಂಟರ ಬಗ್ಗೆ ಎಲ್ಲರಿಗೂ ದೂರು ಇರುತ್ತದೆ. ಈ ಕ್ರಮದಲ್ಲಿ ಅದು ಆಗುವುದಿಲ್ಲ.

ದಟ್ಟಗಳ್ಳಿ ನಿವಾಸಿ

ಖಾತಾ ಬರುವವರೆಗೆ ಒಂದು ಭಾಗ ಉಳಿಸಿಕೊಳ್ಳುವುದು ನ್ಯಾಯವಾದ ಮಾತು. ಅದಕ್ಕೆ ನನ್ನ ಒಪ್ಪಿಗೆ ಇದೆ. ಎರಡೂ ಕಡೆ ತೆಗೆದುಕೊಳ್ಳುವುದಕ್ಕೆ ಇಲ್ಲ.

ಸರಸ್ವತಿಪುರಂ ಮಗ

ನಾನು ಹೊರದೇಶದಲ್ಲಿದ್ದೇನೆ. ಸರಸ್ವತಿಪುರಂನ ತಂದೆಯ ಮನೆಯನ್ನು ಮಾರುವಾಗ ಏಜೆಂಟರಿಲ್ಲದೆ ಸಾಧ್ಯವೇ ಇರಲಿಲ್ಲ, ಆದ್ದರಿಂದ ‘ಏಜೆಂಟರೇ ಬೇಡ’ ಎಂಬ ಮಾತನ್ನು ಒಪ್ಪಲಾರೆ. ನಾನು ಮಾತನಾಡಿಸಿದವರಲ್ಲಿ ಬಹುತೇಕರು ಬೆಲೆಯ ಬಗ್ಗೆ ಮಾತ್ರ ಹೇಳಿದರು. ಒಬ್ಬರು ಮಾತ್ರ, ‘ಸರ್, ನೀವು ಅನಿವಾಸಿ. ನಿಮ್ಮಿಂದ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಹಿಡಿದರೆ ಸಾಲದು, ಹೆಚ್ಚು ಹಿಡಿಯಬೇಕಾಗುತ್ತದೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಈಗಲೇ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ’ ಎಂದರು. ಅಧಿಕಾರಪತ್ರವನ್ನು ಇಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಮೇಲೆ, ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು ಎಂಬುದನ್ನೂ ಅವರೇ ತಿಳಿಸಿದ್ದು. ಗಿರಾಕಿ ಸಿಗುವ ಮೊದಲೇ ನನ್ನ ತೊಂದರೆಯನ್ನು ಊಹಿಸಿ ಹೇಳಿದರಲ್ಲ, ಆಗಲೇ ನಿರ್ಧರಿಸಿದೆ. ಕೇಳಿದಷ್ಟು ಕಮಿಷನ್ ಸಂತೋಷದಿಂದ ಕೊಟ್ಟೆ.

ಕುಕ್ಕರಹಳ್ಳಿ ವಾಯುವಿಹಾರಿ

ಅವರ ನಂಬರ್ ಕೊಡಿ ಸರ್.

ಸರಸ್ವತಿಪುರಂ ಮಗ

ಅವರನ್ನು ಕೇಳದೆ ಇಲ್ಲಿ ಹಾಕುವುದು ಸರಿಯಲ್ಲ. ವೈಯಕ್ತಿಕವಾಗಿ ಸಂದೇಶ ಕಳಿಸಿ.

ಸಿದ್ಧಾರ್ಥನಗರದವನು

ಹೊರಗಿನಿಂದ ಬರುವವರಿಗೆ ಮೈಸೂರಿನ ಯಾವ ಸರ್ವೆ ನಂಬರಿನಲ್ಲಿ ಯಾವ ವ್ಯಾಜ್ಯ ಇದೆ ಎಂಬುದು ಹೇಗೆ ಗೊತ್ತಾಗಬೇಕು? ಕುರುಬಾರಹಳ್ಳಿ ಸರ್ವೆ ನಂಬರ್ 4ರ ಬಿ ಖರಾಬು (ಸಾರ್ವಜನಿಕ ಉಪಯೋಗದ ಸರ್ಕಾರಿ ಜಾಗ) ವಿವಾದದಲ್ಲಿ ಸಿದ್ಧಾರ್ಥನಗರ, ಕೆಸಿ ಲೇಔಟ್, ಜೆಸಿ ಲೇಔಟ್ ಕಡೆಯ ಮನೆಯವರು ವರ್ಷಗಟ್ಟಲೆ ಖಾತಾ ಕೆಲಸ ಆಗದೆ ಅಲೆದರು. ಅವೆಲ್ಲ ಜನ ಕಟ್ಟಿಕೊಂಡು ವಾಸವಾಗಿದ್ದ ಬಡಾವಣೆಗಳು. ಊರಿನ ಇಂಥ ಚರಿತ್ರೆ ಬಲ್ಲವರೇ ಏಜೆಂಟರು. ಗೂಗಲ್ ನಕ್ಷೆಯಲ್ಲಿ ಸೈಟ್ ಗುರುತಿಸಿ ಕಳಿಸುವುದನ್ನು ಯಾರು ಬೇಕಾದರೂ ಮಾಡುತ್ತಾರೆ.

ಜೆಪಿ ನಗರದ ಗೃಹಿಣಿ

ನೀರಿನ ವಿಷಯವನ್ನೂ ಕೇಳಿ. ‘ಕಬಿನಿ ನೀರು ಬಂದೇ ಬರುತ್ತದೆ’ ಎಂದು ಎಲ್ಲ ಏಜೆಂಟರೂ ಹೇಳುತ್ತಾರೆ. ಹೊರವರ್ತುಲ ರಸ್ತೆಯ ಆಚೆಗಿನ ಎಷ್ಟೋ ಬಡಾವಣೆಗಳು ಇವತ್ತಿಗೂ ಕೊಳವೆಬಾವಿ, ಟ್ಯಾಂಕರ್ ನಂಬಿಕೊಂಡಿವೆ. ಅಕ್ಕಪಕ್ಕದ ಮನೆಯ ಹೆಂಗಸರನ್ನು ಕೇಳಿದರೆ ವಾರಕ್ಕೆ ಎಷ್ಟು ಸಲ ನೀರು ಬರುತ್ತದೆ ಎಂದು ಸರಿಯಾಗಿ ಹೇಳುತ್ತಾರೆ.

ಹೆಬ್ಬಾಳದ ತಂತ್ರಜ್ಞ

ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಮುಗಿದರೆ ಈ ತೊಂದರೆ ತಪ್ಪುತ್ತದೆ ಎನ್ನುತ್ತಾರೆ.

ಜೆಪಿ ನಗರದ ಗೃಹಿಣಿ

ಮುಗಿದಾಗ ನೋಡೋಣ. ಸೈಟಿನ ಬೆಲೆಯಲ್ಲಿ ಏಜೆಂಟರು ಅದನ್ನು ಈಗಲೇ ಸೇರಿಸಿಬಿಟ್ಟಿದ್ದಾರೆ.

ರಾಮಕೃಷ್ಣನಗರದ ಅಜ್ಜ

ಆಷಾಢ ಬರಲಿ ಮಗಳೇ. ನಮ್ಮ ಜನ ಆ ತಿಂಗಳು ಆಸ್ತಿ ಕೊಳ್ಳಲು ಹಿಂಜರಿಯುತ್ತಾರೆ, ಮಾರುವವರು ಮೆತ್ತಗಾಗಿರುತ್ತಾರೆ. ಮಾತುಕತೆ ಆಗಲೇ ಮುಗಿಸಿಟ್ಟು ಶ್ರಾವಣದಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಸೈಟ್ ಪೂರ್ವಾಭಿಮುಖವಾಗಿದ್ದರೆ ಒಳ್ಳೆಯದು.

ದಟ್ಟಗಳ್ಳಿ ನಿವಾಸಿ

ವಾಸ್ತು ಬೇರೆ ಚರ್ಚೆ ಅಜ್ಜ, ಇಲ್ಲಿ ಬೇಡ. ಪೂರ್ವಾಭಿಮುಖ ಎಂದು ಹೇಳಿಯೇ ಬೆಲೆ ಏರಿಸುತ್ತಾರೆ.

ರಾಮಕೃಷ್ಣನಗರದ ಅಜ್ಜ

ನಾಳೆ ಮಾರುವಾಗ ನಿಮಗೂ ಆ ಹೆಚ್ಚಿನ ಬೆಲೆ ಸಿಗುತ್ತದಲ್ಲಪ್ಪ. ನಂಬುವುದು ಬಿಡುವುದು ನಿಮ್ಮ ಇಷ್ಟ, ಮಾರುಕಟ್ಟೆ ನಂಬುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ

ಸಾಲ ಬೇಕೇ ಬೇಕು ಎಂದಿದ್ದೀರಿ, ಆದ್ದರಿಂದ ಏಜೆಂಟರನ್ನು ಅಳೆಯಲು ನಿಮ್ಮ ಬ್ಯಾಂಕನ್ನೇ ಬಳಸಿಕೊಳ್ಳಿ. ‘ನಮ್ಮ ಬ್ಯಾಂಕಿನ ವಕೀಲರಿಗೆ ಕಾಗದ ಕೊಡುತ್ತೇನೆ, ಅವರು ಒಪ್ಪಿದರೆ ಮಾತ್ರ ಮುಂಗಡ’ ಎಂದು ಹೇಳಿ. ರೆವಿನ್ಯೂ ಸೈಟ್ ಹಿಡಿದುಕೊಂಡಿರುವವರು ಆ ಕ್ಷಣವೇ ‘ಸಾಲ ಏಕೆ ಮೇಡಂ, ನಾವೇ ಕಂತು ಮಾಡಿಕೊಡುತ್ತೇವೆ’ ಎಂದು ಮಾತು ಬದಲಿಸುತ್ತಾರೆ. ಪರಿವರ್ತನೆಯಾಗದ ಜಮೀನಿನಲ್ಲಿ ಕಲ್ಲು ನೆಟ್ಟು ಮಾಡಿದ ಸೈಟಿಗೆ ಬ್ಯಾಂಕುಗಳು ಸಾಲ ಕೊಡುವುದಿಲ್ಲ.

‘ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಸೈಟು’ ಎಂದು ಹೇಳಿದರೆ ಬಿಡಿಸಿ ಕೇಳಿ. ಪ್ರಾಧಿಕಾರವೇ ಹಂಚಿದ್ದೋ, ಪ್ರಾಧಿಕಾರ ಅನುಮೋದಿಸಿದ ಖಾಸಗಿ ಬಡಾವಣೆಯದ್ದೋ? ಹಂಚಿದ್ದಾದರೆ ಹಂಚಿಕೆ ಪತ್ರ, ಸ್ವಾಧೀನಪತ್ರ, ಹಕ್ಕುಪತ್ರ ಇರಬೇಕು. ಖಾಸಗಿಯದ್ದಾದರೆ ನಕ್ಷೆ ಮಂಜೂರಾಗಿದ್ದರೆ ಸಾಲದು, ನೀವು ನೋಡಿದ ಆ ನಂಬರಿನ ಸೈಟ್ ಬಿಡುಗಡೆಯಾಗಿದೆಯೇ ಎಂಬುದು ಮುಖ್ಯ. ಚರಂಡಿ, ರಸ್ತೆ, ವಿದ್ಯುತ್ ಕೆಲಸ ಮುಗಿದದ್ದನ್ನು ನೋಡಿ ಬಿಡುಗಡೆ ಮಾಡುತ್ತಾರೆ. ಬೋಗಾದಿ, ಶ್ರೀರಾಂಪುರ ಗ್ರಾಮ ಪಂಚಾಯಿತಿಗಳಾಗಿದ್ದು ಆಮೇಲೆ ಪಟ್ಟಣ ಪಂಚಾಯಿತಿಗಳಾದವು. ಗ್ರಾಮ ಪಂಚಾಯಿತಿ ಕೊಟ್ಟ ಹಳೆಯ ಖಾತಾ, ಅಂದರೆ ನಮೂನೆ 9, 11 ಹಿಡಿದುಕೊಂಡು ಬಂದರೆ ಈಗಿನ ಇ-ಖಾತಾ ಆಗಿದೆಯೇ ಎಂದು ಕೇಳಿ. ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ‘11ಬಿ’ (ಅನುಮೋದನೆಯಿಲ್ಲದ ಆಸ್ತಿಯ ನಮೂನೆ) ಎಂದಿದ್ದರೆ ಇನ್ನೂ ಎಚ್ಚರವಾಗಿರಿ.

ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಶೇ 7.6 ಆಗುತ್ತದೆ. 40 ಲಕ್ಷಕ್ಕೆ 3 ಲಕ್ಷ ದಾಟುತ್ತದೆ. ‘ನೋಂದಣಿ ಖರ್ಚು ಎಲ್ಲ ಸೇರಿ ಇಷ್ಟು’ ಎಂದು ಏಜೆಂಟರು ಒಟ್ಟಾರೆ ಹೇಳಿದರೆ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸರ್ಕಾರಕ್ಕೆ ಕಟ್ಟುವುದನ್ನು ನೀವೇ ಆನ್‌ಲೈನ್‌ನಲ್ಲಿ ಕಟ್ಟಬಹುದು.

ಪತ್ರ ಬರಹಗಾರ

ಹಾಗೆಯೇ ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದು ಕೊಡಿ ಎನ್ನುವವರ ಮಾತು ಕೇಳಬೇಡಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಅಂದರೆ ಆ 50 ಸಾವಿರ ಟೋಕನ್ ಅನ್ನು ನಗದಾಗಿ ಕೇಳಿದ್ದರೆ ಅದೇ ತಪ್ಪು.

ಹೆಬ್ಬಾಳದ ತಂತ್ರಜ್ಞ

ವಿಷಯ ಸ್ವಲ್ಪ ಬೇರೆ. ಭೋಗ್ಯಕ್ಕೆ ಮನೆ ಹಿಡಿಸಿಕೊಡುವ ಏಜೆಂಟರಿಗೂ ಇದೇ ಪರೀಕ್ಷೆಯೇ? 12 ಲಕ್ಷ ಕೊಟ್ಟು ಸೇರಲು ಹೊರಟಿದ್ದೇನೆ.

ಮೈಸೂರು ವಕೀಲೆ

ಇನ್ನೂ ಬಿಗಿಯಾದ ಪರೀಕ್ಷೆ ಬೇಕು. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ನೋಡಿ. ಮಾಲೀಕರು ಕಂತು ನಿಲ್ಲಿಸಿದರೆ ಬ್ಯಾಂಕ್ ಮನೆಯನ್ನು ಹರಾಜಿಗೆ ತರುತ್ತದೆ, ನಿಮ್ಮ 12 ಲಕ್ಷ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಭೋಗ್ಯಪತ್ರ ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿ ‘ಸಾಕು’ ಎನ್ನುವ ಏಜೆಂಟರು ತಮ್ಮ ಕಮಿಷನ್ ಮಾತ್ರ ನೋಡುತ್ತಿದ್ದಾರೆ.

ಮಂಡ್ಯದ ಶಿಕ್ಷಕಿ

ಎಲ್ಲರ ಮಾತನ್ನೂ ಓದಿ, ನಿನ್ನೆ ಮೈಸೂರಿಗೆ ಹೋಗಿ ಬಂದೆವು. ದೊಡ್ಡ ಕಚೇರಿಯವರಿಗೆ ಬ್ಯಾಂಕ್ ವಕೀಲರ ವಿಷಯ ಹೇಳಿದೆವು. ‘ಅಷ್ಟು ಅನುಮಾನ ಇದ್ದರೆ ನಮ್ಮ ಬಳಿ ಬರಬೇಡಿ’ ಎಂದರು. ಅಲ್ಲಿಗೆ ಮುಗಿಯಿತು. ಒಂದೇ ಬಡಾವಣೆ ತೋರಿಸುವವರು ತಾವು ಅಲ್ಲಿನ ಪ್ರತಿನಿಧಿ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬಡಾವಣೆಯ ರೇರಾ ನೋಂದಣಿ ಜಾಲತಾಣದಲ್ಲಿ ಸಿಕ್ಕಿತು. ಬೆಲೆ ಮಾತ್ರ ನಮ್ಮ ಕೈಗೆ ಎಟುಕುವುದಿಲ್ಲ.

ಟೀ ಅಂಗಡಿಯ ಹಿರಿಯರ ಬಳಿ, ಪತ್ರ ಬರಹಗಾರ ಸರ್ ಬರೆದ ಪಟ್ಟಿ ಹಿಡಿದು ಕುಳಿತೆವು. ‘ಈ ಸೈಟಿನಲ್ಲಿ ಕೊರತೆ ಏನಿದೆ ಹೇಳಿ’ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಮಾಲೀಕರ ತಂದೆ ತೀರಿಕೊಂಡ ಮೇಲೆ ವಿಭಾಗಪತ್ರ ಆಗಿದೆ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳ ಸಹಿ ಇಲ್ಲ ಎಂದರು. ನಾವಾಗಿ ಕೇಳದಿದ್ದರೆ ಹೇಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಕಮಿಷನ್ ಬಗ್ಗೆ ಬರೆದುಕೊಡಲು ಈಗಲೂ ಅಳುಕುತ್ತಾರೆ, ಆದರೆ ನೋಂದಣಿಯ ನಂತರವೇ ಹಣ ಎಂಬುದಕ್ಕೆ ಒಪ್ಪಿದರು. ಆ ಹೆಣ್ಣುಮಕ್ಕಳ ಸಹಿ ಅಷ್ಟು ದೊಡ್ಡ ವಿಷಯವೇ?

ಮೈಸೂರು ವಕೀಲೆ

ಬಹಳ ದೊಡ್ಡ ವಿಷಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳುತ್ತದೆ. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ತಂದೆಯ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೂ ಹೆಣ್ಣುಮಕ್ಕಳು ವಾರಸುದಾರರೇ. ಅವರಿಬ್ಬರನ್ನೂ ಕ್ರಯಪತ್ರದಲ್ಲಿ ಮಾರಾಟಗಾರರನ್ನಾಗಿ ಸೇರಿಸಬೇಕು, ಇಲ್ಲವೇ ಅವರಿಂದ ಮೊದಲು ನೋಂದಾಯಿತ ಹಕ್ಕುಬಿಡುಗಡೆ ಪತ್ರ ಆಗಬೇಕು. ‘ಅಕ್ಕತಂಗಿಯರು ಏನೂ ಕೇಳುವುದಿಲ್ಲ’ ಎಂಬ ಮಾತಿನ ಮೇಲೆ ಹಣ ಕೊಡಬೇಡಿ.

ಶ್ರೀರಂಗಪಟ್ಟಣದ ರೈತ

ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಒಮ್ಮೆ ನೀವೇ ಮಾತನಾಡಿಸಿ ತಂಗಿ. ಸಹಿ ಹಾಕಿಸಿಕೊಳ್ಳುವುದು ಬೇರೆ, ಅವರಿಗೆ ನ್ಯಾಯ ಸಿಗುವುದು ಬೇರೆ. ಕಣ್ಣೀರು ಹಾಕಿದ ಜಾಗದಲ್ಲಿ ಮನೆ ಕಟ್ಟಬಾರದು.

ವಿಜಯನಗರದ ಏಜೆಂಟ್

ಹಿರಿಯರು ಬರೆದುಕೊಡಲು ಅಳುಕುವುದು ಮೋಸಕ್ಕಿಂತ ಹೆಚ್ಚಾಗಿ ಅಭ್ಯಾಸವಿಲ್ಲದ್ದರಿಂದ ಇರಬಹುದು. ನೀವೇ ವಾಟ್ಸ್ಆ್ಯಪ್‌ನಲ್ಲಿ ‘ನಾವು ಮಾತನಾಡಿಕೊಂಡಂತೆ ಇಷ್ಟು ಕಮಿಷನ್, ನೋಂದಣಿಯ ನಂತರ’ ಎಂದು ಕನ್ನಡದಲ್ಲಿ ಬರೆದು ಕಳಿಸಿ, ‘ಸರಿ’ ಎಂದು ಉತ್ತರ ತರಿಸಿಕೊಳ್ಳಿ. ಸಹೋದರಿಯರನ್ನು ಕರೆತರುವ ಜವಾಬ್ದಾರಿಯನ್ನು ಅವರಿಗೇ ವಹಿಸಿ. ಅದನ್ನು ಮಾಡಿಸಿಕೊಟ್ಟರೆ ಅವರಿಗೆ ಸಲ್ಲಬೇಕಾದ್ದನ್ನು ಚೌಕಾಸಿ ಮಾಡದೆ ಕೊಡಿ.

ದಟ್ಟಗಳ್ಳಿ ನಿವಾಸಿ

ಇಷ್ಟು ಕೆಲಸ ಮಾಡಿಸಿದರೆ ಕೊಡಬಹುದು. ನನ್ನ ತಕರಾರು ಬರೀ ಗೇಟು ತೋರಿಸುವವರ ಬಗ್ಗೆ.

ಮಂಡ್ಯದ ಶಿಕ್ಷಕಿ

ಹಾಗೆಯೇ ಮಾಡುತ್ತೇವೆ. ಹಿರಿಯರೇ ಸಹೋದರಿಯರ ಜೊತೆ ಮಾತನಾಡುತ್ತೇನೆ ಎಂದಿದ್ದಾರೆ, ಒಬ್ಬರು ಹುಣಸೂರಿನಲ್ಲಿ ಇದ್ದಾರಂತೆ. ಅಲ್ಲಿಯವರೆಗೆ ಒಂದು ಪೈಸೆ ಮುಂಗಡವನ್ನೂ ಕೊಡುವುದಿಲ್ಲ. ಕೊನೆಯ ಪ್ರಶ್ನೆ: ಮೂಲ ವಿಭಾಗಪತ್ರ ಕಳೆದುಹೋಗಿದೆ, ಜೆರಾಕ್ಸ್ ಮಾತ್ರ ಇದೆ ಎನ್ನುತ್ತಾರೆ. ಬ್ಯಾಂಕಿನವರು ಒಪ್ಪುತ್ತಾರೆಯೇ?

ನಿವೃತ್ತ ಬ್ಯಾಂಕ್ ಅಧಿಕಾರಿ

ಜೆರಾಕ್ಸ್ ಒಪ್ಪುವುದಿಲ್ಲ. ಮೂಲಪತ್ರ ನಿಜವಾಗಿ ಕಳೆದಿದೆಯೋ ಅಥವಾ ಬೇರೆ ಕಡೆ ಅಡಮಾನ ಇಟ್ಟಿದ್ದಾರೋ ಎಂಬುದು ಮೊದಲ ಅನುಮಾನ. ಪೊಲೀಸ್ ದೂರಿನ ಸ್ವೀಕೃತಿ, ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆ, ಮಾಲೀಕರ ಅಫಿಡವಿಟ್ ಇವನ್ನು ಕೇಳುತ್ತಾರೆ. ಅದರ ಮೇಲೆ ಬ್ಯಾಂಕಿನ ವಕೀಲರು ತೀರ್ಮಾನಿಸುತ್ತಾರೆ.

ಪತ್ರ ಬರಹಗಾರ

ವಿಭಾಗಪತ್ರ ನೋಂದಣಿಯಾಗಿದ್ದರೆ ಅದರ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ಪಡೆಯಬಹುದು, ಕಾವೇರಿಯಲ್ಲೂ ಅರ್ಜಿ ಹಾಕಬಹುದು. ಜೆರಾಕ್ಸಿನ ಮೇಲೆ ದಸ್ತಾವೇಜು ಸಂಖ್ಯೆ, ವರ್ಷ, ಕಚೇರಿಯ ಹೆಸರು ಇರುತ್ತದೆ, ಅಷ್ಟು ಸಾಕು. ನಕಲು ಬಂದ ಮೇಲೆ ಜೆರಾಕ್ಸಿನ ಜೊತೆ ಪುಟಪುಟವನ್ನೂ ಹೋಲಿಸಿ ನೋಡಿ. ಷೆಡ್ಯೂಲ್ ಪುಟವನ್ನು ಎರಡು ಸಲ ಓದಿ, ನಿಮ್ಮ ಸೈಟು ಯಾರ ಪಾಲಿಗೆ ಬಂದಿದೆ ಎಂಬುದು ಅಲ್ಲೇ ಇರುತ್ತದೆ.